ಅಮ್ಮನಿಗೆ ಓದದೆ ಬಿಟ್ಟದ್ದು

ಪೆರೇಸಂದ್ರ
2-9-1958

ಮಗಳು ಚಿ. ಸೌ. ಆದಿಲಕ್ಷ್ಮಮ್ಮನಿಗೆ ನಿನ್ನ ತಾಯಿ ಅಕ್ಕಯ್ಯಮ್ಮ ಹೇಳಿ ಬರೆಸುವ ಕಾಗದ.

ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ಮಳೆ ಹದವಾಗಿ ಬಂದು ರಾಗಿ ಮೊಣಕಾಲೆತ್ತರ ಎದ್ದಿದೆ. ನಿಮ್ಮಣ್ಣ ಕೋನಪ್ಪ ಬಾವಿ ಹತ್ತಿರದ ಹೊಲಕ್ಕೂ ಹಿಪ್ಪುನೇರಳೆ ಹಾಕಿದ್ದಾನೆ. ರೇಷ್ಮೆ ಹುಳು ಮೇಯಿಸುವ ಕೆಲಸವೆಲ್ಲ ನಿಮ್ಮ ಅತ್ತಿಗೆ ರಾಮಲಕ್ಷ್ಮಿಯದೇ. ಶಿಡ್ಲಘಟ್ಟದ ಹುಡುಗಿ, ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕುತ್ತಾಳೆ. ಅದರ ನಡುವೆ ನಾನು ಕರೆದರೆ ಕೈ ತೊಳೆದುಕೊಂಡು ಬಂದು ಕಾಗದಕ್ಕೂ ಕೂರುತ್ತಾಳೆ.

ಗೌರಿ ಹಬ್ಬ ಹತ್ತಿರ ಬಂತು. ಹೋದ ವರ್ಷ ನೀನು ಬರಲಿಲ್ಲ. ಆಗ ಮಗು ಹೋಗಿ ಮೂರು ತಿಂಗಳಾಗಿತ್ತು, ನಾನೂ ಬಲವಂತ ಮಾಡಲಿಲ್ಲ. ಅಷ್ಟು ದೊಡ್ಡ ಕೂಸು, ಕಣ್ಣು ಬಿಡದೆ ಹೋಯಿತಲ್ಲ ಎಂದು ಈಗಲೂ ನೆನೆಯುತ್ತೇನೆ. ಈ ಸಲ ಬಾ. ಅಳಿಯಂದಿರಿಗೆ ಸ್ಕೂಲು ರಜ ಇರುತ್ತದೆ, ಇಬ್ಬರೂ ಬನ್ನಿ. ನಿನ್ನ ಬಾಗಿನದ ಮೊರ ತೆಗೆದಿಟ್ಟಿದ್ದೇನೆ. "ಗೌರಿಬಿದನೂರೇನು ಕಾಶಿನಾ? ಬೆಳಿಗ್ಗೆ ಬಸ್ಸತ್ತಿದ್ರೆ ಮಧ್ಯಾಹ್ನ ಊಟಕ್ಕೆ ಬರ್ತಾಳೆ" ಎಂದು ನಿಮ್ಮಣ್ಣನ ಹತ್ತಿರ ದಿನಾ ಹೇಳುತ್ತಿದ್ದೇನೆ.

ನಿನ್ನ ತಾಯಿ
ಅಕ್ಕಯ್ಯಮ್ಮ

ಆದಿ, ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ. ಈ ಮನೆಯಲ್ಲಿ ಓದುಬರಹ ಬಲ್ಲವಳು ನಾನೊಬ್ಬಳೇ ಆದ್ದರಿಂದ ನಿನ್ನ ಕಾಗದ ಬಂದ ದಿನ ನನಗೆ ಬಿಡುವಿಲ್ಲ. ಅತ್ತೆ ಎರಡು ಸಲ ಓದಿಸುತ್ತಾರೆ, ಮೂರನೆಯ ಸಲ ತಾವೇ ಒಪ್ಪಿಸುತ್ತಾರೆ. ತಪ್ಪದೆ ಬಾ.
ನಿನ್ನ ಅತ್ತಿಗೆ ರಾಮಲಕ್ಷ್ಮಮ್ಮ


ಗೌರಿಬಿದನೂರು
24-9-1958

ಅಮ್ಮ,

ಹಬ್ಬಕ್ಕೆ ಬರಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇವರಿಗೆ ಸ್ಕೂಲಿನಲ್ಲಿ ಕೆಲಸ ಜಾಸ್ತಿ. ಏಳನೇ ಕ್ಲಾಸಿನ ಪಾಠ ಪೂರ್ತಿ ಇವರ ತಲೆಗೇ ಬಂದಿದೆ. ನಮ್ಮತ್ತೆ ಗಂಗುಲಮ್ಮನವರು ಆರೋಗ್ಯವಾಗಿದ್ದಾರೆ. ನೀನು ಕೊಟ್ಟುಕಳಿಸಿದ ಹುರಳಿ ಮುಟ್ಟಿತು.

ಅತ್ತಿಗೆ, ಇಲ್ಲಿಂದ ಮುಂದಿನದನ್ನು ಅಣ್ಣ ಮನೆಯಲ್ಲಿಲ್ಲದಾಗ ಅಮ್ಮನಿಗೆ ಮಾತ್ರ ಓದಿ. ನಿಮ್ಮ ಬಾಯಿಂದ ಇದನ್ನು ಹೇಳಿಸಲು ನನಗೆ ಸಿಗ್ಗಾಗುತ್ತದೆ. ಬೇರೆ ದಾರಿ ಇಲ್ಲ.

ಅಮ್ಮ, ಯುಗಾದಿಯಿಂದೀಚೆಗೆ ನನಗೆ ಕೆಳಗೆ ಉರಿ, ನವೆ. ಮೊದಲು ಸೆಕೆಗೆ ಇರಬಹುದೆಂದುಕೊಂಡೆ. ಆಮೇಲೆ ಒಡೆದ ಮೊಸರಿನ ಹಾಗೆ ಬಿಳಿ ಹೋಗತೊಡಗಿತು. ಒಂದು ವಾರ ಕಡಿಮೆಯಾದರೆ ಮತ್ತೊಂದು ವಾರ ಎರಡರಷ್ಟಾಗಿ ಬರುತ್ತದೆ. ಕೂತರೆ ಉರಿ, ನಡೆದರೆ ಉರಿ. ಇವರು ಹತ್ತಿರ ಬಂದರೆ ಒಳಗೆಲ್ಲ ಒಣಗಿ ಸೀಳಿದ ಹಾಗೆ ನೋಯುತ್ತದೆ. ಮೊದಲಿದ್ದ ಆಸೆಯೂ ಎಲ್ಲಿಗೋ ಹೊರಟುಹೋಗಿದೆ. ಇವತ್ತು ಬೇಡ, ನಾಳೆ ನೋಡೋಣ ಎಂದು ಎಷ್ಟು ದಿನ ಹೇಳಲಿ? "ನನ್ನ ಕಂಡ್ರೆ ಯಾಕೆ ನಿಂಗೆ ಇಷ್ಟು ಬೇಸರ?" ಎಂದು ಒಂದು ದಿನ ಕೇಳಿದರು. ಗೋಡೆ ಕಡೆ ತಿರುಗಿ ಮಲಗಿದೆ. ಬೇಸರವಲ್ಲ ಅಮ್ಮ. ಹೇಳುವ ಮಾತು ನನಗೆ ಗೊತ್ತಿಲ್ಲ.

ಎಷ್ಟು ನೀರು ಕುಡಿದರೂ ದಾಹ ಅಡಗುವುದಿಲ್ಲ. ಮೂರು ಹೊತ್ತೂ ಹಸಿವು, ಆದರೂ ಕೈಬಳೆ ಮೊಣಕೈವರೆಗೆ ಸರಿಯುತ್ತವೆ. ಬಚ್ಚಲಲ್ಲಿ ನಾನು ಕೂತೆದ್ದ ಜಾಗಕ್ಕೆ ಇರುವೆ ಮುತ್ತುತ್ತವೆ. ಅತ್ತೆ ಅದನ್ನೂ ನೋಡಿದರು, ಒಗೆಯಲು ಹಾಕಿದ ನನ್ನ ಸೀರೆಯನ್ನೂ ನೋಡಿದರು. "ಇದೆಂಥ ಕೆಟ್ಟ ರೋಗ ತಂದ್ಯೇ ಮನೆಗೆ? ಎಲ್ಲಿಂದ ತಂದೆ?" ಎಂದರು. ಅವತ್ತಿನಿಂದ ನನ್ನ ಬಟ್ಟೆಗೆ ಹಿತ್ತಲಲ್ಲಿ ಬೇರೆ ಹಗ್ಗ, ಸ್ನಾನಕ್ಕೆ ಬೇರೆ ಚೊಂಬು.

ಇಲ್ಲಿನ ಆಸ್ಪತ್ರೆಯಲ್ಲಿರುವುದು ಗಂಡು ಡಾಕ್ಟರು. ಅವರ ಮಕ್ಕಳು ಇವರ ಕ್ಲಾಸಿನಲ್ಲೇ ಓದುತ್ತಾರೆ. ಅವರ ಮುಂದೆ ಏನೆಂದು ಬಾಯಿ ಬಿಡಲಿ?

ನಿನಗೆ ಯಾವಾಗಲಾದರೂ ಹೀಗೆ ಆಗಿತ್ತಾ? ಮದ್ದೇನಾದರೂ ಗೊತ್ತಾ? ಹತ್ತು ದಿನ ಅಲ್ಲಿಗೆ ಬಂದು ನಿನ್ನ ಹತ್ತಿರ ಇರಲಾ? ಬಾ ಎಂದು ಒಂದು ಸಾಲು ಬರೆಸಿದರೆ ಸಾಕು, ಹೊರಟುಬರುತ್ತೇನೆ.

ನಿನ್ನ ಮಗಳು
ಆದಿ


ಪೆರೇಸಂದ್ರ
6-10-1958

ಆದಿಲಕ್ಷ್ಮಿಗೆ,

ಕಾಗದ ಮುಟ್ಟಿತು. ಇಂಥ ವಿಷಯವನ್ನು ಮರ್ಯಾದಸ್ಥ ಹೆಂಗಸು ಕಾಗದದಲ್ಲಿ ಬರೆಯಬಾರದು. ಯಾರ ಕೈಗಾದರೂ ಸಿಕ್ಕರೆ ಎರಡು ಮನೆಯ ಮಾನ ಹೋಗುತ್ತದೆ. ಹೆಣ್ಣಾಗಿ ಹುಟ್ಟಿದ ಮೇಲೆ ಇವೆಲ್ಲ ಇದ್ದದ್ದೇ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದುಕೊ. ಗಂಡನಿಗೆ ಬೇಡ ಅನ್ನಬೇಡ. ಅನ್ನುತ್ತಾ ಹೋದರೆ ಗಂಡಸಿನ ಮನಸ್ಸು ಬೇರೆ ಕಡೆ ತಿರುಗುತ್ತದೆ. ಅತ್ತೆಯ ಮಾತಿಗೆ ಎದುರಾಡದೆ ಇರು.

ಈಗ ಇಲ್ಲಿಗೆ ಬರುವುದು ಬೇಡ. ಹುಳು ದೊಡ್ಡವಾಗಿವೆ, ಮನೆ ತುಂಬ ಹುಳುವಿನ ತಟ್ಟೆಗಳೇ ಇವೆ. ಹುಳುಮನೆಗೆ ಮೈಲಿಗೆ ತಾಕಿದರೆ ಬೆಳೆ ಕೆಡುತ್ತದೆಂದು ನಿನಗೂ ಗೊತ್ತು. ಎದುರು ಸಿಕ್ಕಾಗಲೂ ಈ ಮಾತೆತ್ತಬೇಡ. ನಿಮ್ಮಣ್ಣನ ಕಿವಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ.

ನಿನ್ನ ತಾಯಿ
ಅಕ್ಕಯ್ಯಮ್ಮ


ಗೌರಿಬಿದನೂರು
20-1-1959

ಅಮ್ಮ,

ಇನ್ನು ಬರೆಯಬಾರದು ಎಂದುಕೊಂಡಿದ್ದೆ. ಇದೊಂದು ಸಲ ಬರೆದುಬಿಡುತ್ತೇನೆ.

ಕಾರ್ತಿಕದಲ್ಲಿ ವಿದುರಾಶ್ವತ್ಥದ ನಾಗರಕಲ್ಲಿಗೆ ಹಾಲೆರೆಯಲು ನಮ್ಮತ್ತೆಯ ಜೊತೆ ಹೋದಾಗ ನೀನೂ ಅತ್ತಿಗೆಯೂ ಸಿಕ್ಕಿದಿರಿ. ನೀನು ನನ್ನ ಕೈ ಹಿಡಿದು "ಏನಮ್ಮ ಆದಿ, ಹಿಂಗೆ ಸೊರಗಿದ್ದೀಯಾ?" ಎಂದು ಕೇಳಿದೆ. ಕಾಗದದಲ್ಲಿ ಹಾಗೆ ಬರೆಸಿದವಳು ಎದುರಿಗೆ ಹೀಗೇಕೆ ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಲಿಲ್ಲ. ಮಾತೆತ್ತಬೇಡ ಎಂದಿದ್ದೆಯಲ್ಲ, "ಏನಿಲ್ಲಮ್ಮ, ಬಿಸಿಲು" ಎಂದೆ. ನೀನು ನನ್ನ ಮುಖವನ್ನೇ ನೋಡುತ್ತಾ ನಿಂತೆ. ಅತ್ತಿಗೆ "ಬಸ್ಸಿಗೆ ಹೊತ್ತಾಯ್ತು" ಎಂದು ನಿನ್ನನ್ನು ಕರೆದುಕೊಂಡು ಹೋದರು.

ನೀನು ಹೇಳಿದ ಹಾಗೇ ನಡೆದುಕೊಂಡೆ. ಬೇವಿನ ನೀರು ಹಾಕಿಕೊಂಡೆ. ಹುಣ್ಣಾದ ಜಾಗಕ್ಕೆ ಅದು ಬೆಂಕಿಯಾಯಿತು. ಇವರಿಗೆ ಬೇಡ ಅನ್ನಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ. ರಕ್ತ ಬಂತು. ಇವರು ಎದ್ದು ಹೋಗಿ ಜಗಲಿಯ ಮೇಲೆ ಕೂತರು. ವಾರದ ಮೇಲೆ ಇವರಿಗೂ ನವೆ ಶುರುವಾಯಿತು. ಆಗ ಕೇಳಿದರು: "ನಿಜ ಹೇಳು ಆದಿ. ಯಾರು?"

ಹನ್ನೊಂದು ವರ್ಷ ಜೊತೆಗೆ ಬಾಳಿದವರು ಕೇಳಿದ ಮಾತು ಇದು. ನಾನು ಅಳಲೂ ಇಲ್ಲ. ಅದನ್ನೇ ಒಪ್ಪಿಗೆ ಎಂದು ಅವರು ತಿಳಿದರು.

ಈಗ ನಾನು ಅಡುಗೆ ಮನೆಗೆ ಹೋಗುವ ಹಾಗಿಲ್ಲ. ಇವರು ಸ್ಕೂಲಿನಿಂದ ಬಂದು ತಾಯಿ ಬಡಿಸಿದ್ದನ್ನು ಉಂಡು, ಓದಿನ ನೆಪದಲ್ಲಿ ಹೊರಗೆ ಕೂರುತ್ತಾರೆ. ನನ್ನ ಕಡೆ ನೋಡುವುದಿಲ್ಲ.

ನೀನು ಬರಬೇಡ ಎಂದೆ. ಬರುವುದಿಲ್ಲ. ಹುಳುವಿಗೆ ಒಳ್ಳೆಯದಾಗಲಿ.

ಆದಿಲಕ್ಷ್ಮಮ್ಮ


ಗೌರಿಬಿದನೂರು
16-3-1959

ಭಾವ ಕೋನಪ್ಪನವರಿಗೆ ವೆಂಕಟರವಣಪ್ಪನ ನಮಸ್ಕಾರಗಳು.

ಹೋದ ಗುರುವಾರ ನಾನು ಸ್ಕೂಲಿನಲ್ಲಿದ್ದಾಗ ನಮ್ಮ ತಾಯಿಯವರಿಗೂ ಆದಿಲಕ್ಷ್ಮಿಗೂ ಮಾತಿಗೆ ಮಾತು ಬೆಳೆದು, ಅವಳು ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಹೋಗಿದ್ದಾಳೆ. ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ. ತವರಿಗೇ ಬಂದಿರಬೇಕೆಂದು ನಂಬಿದ್ದೇನೆ. ಬಂದಿದ್ದರೆ ತಿಳಿಸುವುದು. ಸದ್ಯಕ್ಕೆ ಅವಳು ಅಲ್ಲೇ ಇರುವುದು ಎಲ್ಲರಿಗೂ ಒಳ್ಳೆಯದು. ಅವಳ ಮೈಗೆ ಸರಿಯಿಲ್ಲ. ಅದು ಎಂಥದೆಂದು ನಾನು ಬರೆಯಲಾರೆ.

ಇಂತು
ವೆಂಕಟರವಣಪ್ಪ


ಚಿಂತಾಮಣಿ
25-3-1959

ಅಕ್ಕಯ್ಯಮ್ಮನವರಿಗೆ,

ನಾನು ಚಿಂತಾಮಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದೇನೆ. ನನ್ನ ಹೆಸರು ಶ್ಯಾಮಲಮ್ಮ. ನಿಮ್ಮ ಮಗಳು ಆದಿಲಕ್ಷ್ಮಮ್ಮ ಇಲ್ಲಿದ್ದಾರೆ. ಬದುಕಿದ್ದಾರೆ ಎಂದು ಮೊದಲು ಹೇಳಿಬಿಡುತ್ತೇನೆ.

ಹನ್ನೆರಡನೇ ತಾರೀಖು ಸಂಜೆ ಬಸ್ಸಿನ ಕಂಡಕ್ಟರೂ ಇಬ್ಬರು ಹೆಂಗಸರೂ ಸೇರಿ ಅವರನ್ನು ಹಿಡಿದುಕೊಂಡು ಬಂದರು. ತೊಡೆಸಂದಿಯಲ್ಲಿ ಕೀವು ತುಂಬಿದ ಗಡ್ಡೆ, ಮೈಯೆಲ್ಲ ಜ್ವರ, ಅರೆಪ್ರಜ್ಞೆಯಲ್ಲಿದ್ದರು. ನಮ್ಮ ಡಾಕ್ಟರಮ್ಮ ಮೂತ್ರವನ್ನು ನೀಲಿ ಔಷಧಿಯೊಂದಿಗೆ ಕಾಯಿಸಿ ನೋಡಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನಿಮ್ಮ ಮಗಳಿಗಿರುವುದು ಸಿಹಿಮೂತ್ರ, ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಅಷ್ಟು ದೊಡ್ಡದಾಗಿ ಬೆಳೆದ ಮಗು ಹೊಟ್ಟೆಯಲ್ಲೇ ಹೋದದ್ದಕ್ಕೂ ಇದೇ ಕಾರಣವಿರಬಹುದು ಎನ್ನುತ್ತಾರೆ. ಗಡ್ಡೆ ಕೊಯ್ದು, ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ ಹಾಕಿದ ಮೇಲೆ ಐದನೇ ದಿನಕ್ಕೆ ಸರಿಯಾಗಿ ಮಾತಾಡಿದರು.

ಇನ್ನೊಂದನ್ನು ಬಿಚ್ಚಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಅವರಿಗಿದ್ದ ನವೆ, ಬಿಳುಪು, ಗಂಡನ ಜೊತೆ ಸೇರಿದರೆ ನೋವು, ಇವೆಲ್ಲ ಈ ಕಾಯಿಲೆಯಿಂದಲೇ ಬರುವಂಥವು. ಮೈಯಲ್ಲಿ ಸಕ್ಕರೆ ಹೆಚ್ಚಾದಾಗ ಆ ಜಾಗದಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಗಂಡನಿಗೂ ತಾಕಿ ನವೆಯಾಗುವುದುಂಟು. ನಡತೆಗೂ ಇದಕ್ಕೂ ಸಂಬಂಧವಿಲ್ಲ. ನೇರಳೆ ಬಣ್ಣದ ಔಷಧಿ ಹಚ್ಚುತ್ತಿದ್ದೇವೆ, ಗುಣವಾಗುತ್ತಿದೆ. ಇಂಥವರು ವರ್ಷಕ್ಕೆ ಹತ್ತಾರು ಜನ ಬರುತ್ತಾರೆ. ಬಂದವರೆಲ್ಲರೂ ತಡವಾಗಿಯೇ ಬರುತ್ತಾರೆ.

ಮನೆಯವರಿಗೆ ತಿಳಿಸೋಣ ಎಂದರೆ "ಯಾರಿಗೂ ಬೇಡ" ಎನ್ನುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಇಳಿದಾಗ ಪೆರೇಸಂದ್ರದ ಬಸ್ಸು ಎದುರಿಗೇ ನಿಂತಿತ್ತಂತೆ. ಹತ್ತಲಿಲ್ಲವಂತೆ. ಚಿಂತಾಮಣಿಯಲ್ಲಿ ಹೆಂಗಸು ಡಾಕ್ಟರಿದ್ದಾರೆಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದಕ್ಕೆ ಈ ಕಡೆ ಬಂದರಂತೆ. ಅವರ ಗಂಟಿನಲ್ಲಿ ನೀವು ಅಕ್ಟೋಬರಿನಲ್ಲಿ ಬರೆಸಿದ ಕಾಗದ ಇತ್ತು. ವಿಳಾಸಕ್ಕಾಗಿ ತೆರೆದವಳು ಓದಿದೆ. ದೊಡ್ಡವರಿಗೆ ಹೀಗೆ ಬರೆಯಬಾರದು. ಆದರೂ ಕೇಳುತ್ತೇನೆ: ಹೆತ್ತ ತಾಯಿ ಬರೆಸುವ ಮಾತೇ ಅದು?

ಶ್ಯಾಮಲಮ್ಮ, ನರ್ಸ್


ಪೆರೇಸಂದ್ರ
29-3-1959

ಆದಿ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಅತ್ತೆ ನಿನ್ನ ಹಾಸಿಗೆಯ ಹತ್ತಿರ ಇರುತ್ತಾರೆ. ಅವರು ಹೇಳುವುದಕ್ಕಿಂತ ಮೊದಲು ನಾನೇ ಹೇಳಬೇಕೆಂದಿದ್ದೆ. ಅದೂ ಆಗಲಿಲ್ಲ.

ಅಕ್ಟೋಬರಿನ ಕಾಗದವನ್ನು ಅತ್ತೆ ಬರೆಸಲಿಲ್ಲ. ನಾನೇ ಬರೆದೆ. ನೀನು ಕಳಿಸಿದ ಕಾಗದವನ್ನು ಅವರಿಗೆ ನಾನು ಓದಲೇ ಇಲ್ಲ.

ಅದು ಬಂದ ದಿನ ಅತ್ತೆ ಅಂಗಳದಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ನಿಮ್ಮಣ್ಣ ಹೊಲದಲ್ಲಿದ್ದರು. ಹುರಳಿ ಮುಟ್ಟಿತು ಎನ್ನುವವರೆಗೆ ಗಟ್ಟಿಯಾಗಿ ಓದಿದೆ. ಆಮೇಲಿನದನ್ನು ಮನಸ್ಸಿನಲ್ಲೇ ಓದಿಕೊಂಡೆ. ಅತ್ತೆ "ಅಷ್ಟೇನಾ?" ಎಂದರು. "ಅಷ್ಟೇ ಅತ್ತೆ" ಎಂದೆ. "ನಾಲ್ಕು ಸಾಲು ಬರ್ಯಕ್ಕೂ ಪುರ್ಸೊತ್ತಿಲ್ವಾ ಅವ್ಳಿಗೆ" ಎಂದು ಮತ್ತೆ ಕಾಯಿ ಸುಲಿಯತೊಡಗಿದರು. ಅಷ್ಟೇ ನಡೆದದ್ದು. ಒಂದು ಉಸಿರಿನಷ್ಟು ಹೊತ್ತು.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳುತ್ತೀಯ. ನಾಚಿಕೆಯಾಯಿತು ಎಂದು ಹೇಳಿದರೆ ಅದು ಅರ್ಧ ನಿಜ. ಉಳಿದದ್ದನ್ನೂ ಬರೆಯುತ್ತೇನೆ. ನಿನಗೆ ನಿಜವಾಗಿಯೂ ಕೆಟ್ಟ ರೋಗ ಬಂದಿದೆಯೆಂದೇ ನಾನು ನಂಬಿದೆ. ನಿಮ್ಮತ್ತೆ ಅಂದ ಮಾತನ್ನೇ ನಾನೂ ಮನಸ್ಸಿನಲ್ಲಿ ಅಂದೆ. ನೀನು ಇಲ್ಲಿಗೆ ಬಂದರೆ ಹುಳುಮನೆಗೆ ಕೇಡು ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ಶಿಡ್ಲಘಟ್ಟದಲ್ಲಿ ನನ್ನ ತಂಗಿಗೆ ನಿನ್ನ ಯಜಮಾನರ ದೊಡ್ಡಪ್ಪನ ಮಗನನ್ನು ನೋಡುತ್ತಿದ್ದರು. ನೀನು ಗಂಡನ ಮನೆ ಬಿಟ್ಟು ಬಂದು ಕೂತರೆ ಆ ಮಾತು ಮುರಿದುಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಇನ್ನೂ ಒಂದಿದೆ, ಅದು ಎಲ್ಲಕ್ಕಿಂತ ಸಣ್ಣದು. ನೀನು ಬರುತ್ತೀಯೆಂದರೆ ಅತ್ತೆಯ ಕಣ್ಣಿಗೆ ಮನೆಯಲ್ಲಿ ಬೇರೆ ಯಾರೂ ಕಾಣುವುದಿಲ್ಲ. ಅದನ್ನು ನನಗೆ ಯಾವತ್ತೂ ಸಹಿಸಲಾಗುತ್ತಿರಲಿಲ್ಲ.

ವಿದುರಾಶ್ವತ್ಥದಲ್ಲಿ ಅವರು ನಿನ್ನ ಕೈ ಹಿಡಿದಾಗ ನಾನು ಪಕ್ಕದಲ್ಲೇ ಇದ್ದೆ. ನೀನು ಹೇಳಿಬಿಡುತ್ತೀ ಎಂದುಕೊಂಡೆ. ನೀನು ಬಿಸಿಲು ಎಂದೆ. ಬಸ್ಸಿಗೆ ಹೊತ್ತಾಗಿರಲಿಲ್ಲ ಆದಿ, ಇನ್ನೂ ಒಂದು ಗಂಟೆ ಇತ್ತು. ನಿನ್ನ ಮೈ ನೋಡಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಜನವರಿಯ ಕಾಗದವನ್ನೂ ಓದಲಿಲ್ಲ. "ಎಲ್ಲ ಕ್ಷೇಮವಂತೆ" ಎಂದೆ.

ನೀನು ಮನೆ ಬಿಟ್ಟ ಸುದ್ದಿ ಬಂದಾಗ ಅದನ್ನು ಮಾತ್ರ ಮುಚ್ಚಿಡಲಾಗಲಿಲ್ಲ. ನಿಮ್ಮಣ್ಣ ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲ ಸುತ್ತಿದರು. ಅತ್ತೆ ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ ಬೆಳಗಿನಿಂದ ಕೂರುತ್ತಿದ್ದರು. ಹತ್ತು ದಿನ ನಾನು ಅವರಿಗೆ ಅಲ್ಲಿಗೇ ಮುದ್ದೆ ತೆಗೆದುಕೊಂಡು ಹೋಗುತ್ತಿದ್ದೆ. "ಬಂದ್ರೆ ಇಲ್ಲಿಗೇ ಬರ್ಬೇಕು ಕಣೇ. ತಾಯಿ ಮನೆ ಬಿಟ್ಟು ಇನ್ನೆಲ್ಲಿಗೆ ಹೋಗ್ತಾಳೆ?" ಎನ್ನುತ್ತಿದ್ದರು. ನೀನು ಎಲ್ಲಿಗೆ ಹೋದರೂ ಇಲ್ಲಿಗೆ ಬರುವುದಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಮುದ್ದೆ ಮುರಿದು ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದೆ.

ಶ್ಯಾಮಲಮ್ಮನವರ ಕಾಗದವನ್ನು ಪೂರ್ತಿ ಓದಿದೆ. ಕೊನೆಯ ಸಾಲನ್ನೂ ಓದಿದೆ. "ನಾನ್ಯಾವಾಗ ಬರೆಸ್ದೆ ಕಾಗ್ದ?" ಎಂದರು ಅತ್ತೆ. ನಿಮ್ಮಣ್ಣ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ನಿನ್ನ ಎರಡೂ ಕಾಗದ ತಂದು ಅವರಿಬ್ಬರ ಮುಂದೆ ಕೂತು ಓದಿದೆ. ಇರುವೆ ಎಂಬ ಮಾತು ಬಂದಾಗ ಅತ್ತೆ ಹಣೆ ಚಚ್ಚಿಕೊಂಡರು. "ನಿಮ್ಮ ಮಾವನಿಗೂ ಹಿಂಗೇ ಇರುವೆ ಮುತ್ತೋವು ಕಣೇ! ಕಾಲು ಕೊಳ್ತು ಸತ್ತಿದ್ದು ಅದ್ರಿಂದ್ಲೇ. ಎರಡು ವರ್ಷ ಆ ಇರುವೆನ ನಾನೇ ಬಾಚಿ ಹಾಕಿದೀನಿ. ಇರುವೆ ಅಂದಿದ್ರೆ ಸಾಕಾಗಿತ್ತಲ್ಲೇ ನಂಗೆ, ಅವತ್ತೇ ಕರ್ಕೊಂಡು ಹೋಗ್ತಿದ್ದೆ!" ಎಂದರು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೀರೆ ಬದಲಿಸಿ ನಿಮ್ಮಣ್ಣನ ಜೊತೆ ಬಸ್ಸಿಗೆ ಹೋದರು.

ಆರು ತಿಂಗಳು ನಿನಗೆ ತಾಯಿ ಇಲ್ಲದ ಹಾಗೆ ಮಾಡಿದೆ. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ.

ರಾಮಲಕ್ಷ್ಮಮ್ಮ


ಚಿಂತಾಮಣಿ
9-4-1959

ರಾಮಲಕ್ಷ್ಮಿಗೆ ಅಕ್ಕಯ್ಯಮ್ಮ ಬರೆಸುವುದು. ಶ್ಯಾಮಲಮ್ಮ ಬರೆಯುತ್ತಿದ್ದಾರೆ.

ಆದಿ ಎದ್ದು ಕೂರುತ್ತಾಳೆ. ಗಾಯ ಆರುತ್ತಿದೆ. ನಾನು ಬಂದ ದಿನ ಮುಖ ತಿರುಗಿಸಿಕೊಂಡಿದ್ದಳು. ನಾನು ಅವಳ ಕಾಲ ಹತ್ತಿರ ಕೂತು, ಅದು ನನ್ನ ಮಾತಲ್ಲ ಕಣಮ್ಮ, ನಾನು ಹೇಳಿಲ್ಲ, ನಂಗೆ ಕೇಳಿಸಿಲ್ಲ ಎಂದೆ. ನಂಬಲಿಲ್ಲ. ಮಾರನೇ ದಿನ ನಿನ್ನ ಕಾಗದ ಬಂತು. ಓದಿ ನನ್ನ ಮಡಿಲಿಗೆ ತಲೆ ಇಟ್ಟಳು. ನಾವಿಬ್ಬರೂ ಅತ್ತಿದ್ದನ್ನು ಕಂಡು ವಾರ್ಡಿನವರೆಲ್ಲ ಬಂದುಬಿಟ್ಟರು.

ನಿನ್ನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಎಂದು ಬರೆಸುವುದಿಲ್ಲ. ಆದರೆ ತಪ್ಪನ್ನೆಲ್ಲ ನಿನ್ನ ತಲೆಗೇ ಹೊರಿಸಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ವಿದುರಾಶ್ವತ್ಥದಲ್ಲಿ ಅವಳ ಮೊಣಕೈ ಹಿಡಿದಾಗ ಕಡ್ಡಿ ಹಿಡಿದ ಹಾಗಿತ್ತು. ಬಿಸಿಲು ಅಂದಳು, ಕಾರ್ತಿಕದಲ್ಲಿ ಎಂಥ ಬಿಸಿಲು? ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಬೇಕಾಗಿತ್ತು. ಬೀಗಿತ್ತಿ ಗಂಗುಲಮ್ಮ ಅಲ್ಲೇ ಇದ್ದಳಲ್ಲ, ಏನಂದುಕೊಳ್ಳುತ್ತಾಳೋ ಎಂದು ಸುಮ್ಮನಾದೆ. ನನ್ನ ಗಂಡನಿಗೆ ಈ ಕಾಯಿಲೆ ಇದ್ದದ್ದನ್ನು ಮಕ್ಕಳಿಗೆ ನಾನು ಯಾವತ್ತೂ ಹೇಳಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿ ಸತ್ತರು ಎಂದೇ ಹೇಳಿದೆ. ಹೆಣ್ಣು ಕೊಡುವವರು, ತರುವವರು ಹಿಂಜರಿಯುತ್ತಾರೆಂದು ಮುಚ್ಚಿಟ್ಟೆ. ಮುಚ್ಚಿಡುವುದನ್ನು ಆ ಮನೆಯಲ್ಲಿ ನಿನಗಿಂತ ಮೊದಲು ಶುರು ಮಾಡಿದವಳು ನಾನು.

ನನ್ನನ್ನು ಇಲ್ಲಿ ಬಿಟ್ಟು ಊರಿಗೆ ಬಂದ ಕೋನಪ್ಪ ಊಟ ಬಿಟ್ಟಿದ್ದಾನೆಂದು ನನಗೆ ಬಂದ ಕಾಗದದಲ್ಲಿ ಬರೆದಿದ್ದೀಯಂತೆ. ಬಡಿಸಿಟ್ಟು ಎದ್ದು ಹೋಗು, ಉಣ್ಣುತ್ತಾನೆ. ಅವನನ್ನೂ ಇಲ್ಲಿಗೆ ಕಳಿಸು, ಮೂತ್ರ ಪರೀಕ್ಷೆ ಮಾಡಿಸಬೇಕು.

ಅಕ್ಕಯ್ಯಮ್ಮ


ಗೌರಿಬಿದನೂರು
22-6-1959

ಆದಿಲಕ್ಷ್ಮಿ,

ಹೋದ ವಾರ ಚಿಂತಾಮಣಿಗೆ ಬಂದಾಗ ನಿನ್ನ ಎದುರು ಐದು ನಿಮಿಷ ನಿಂತೆ, ಆಡಬೇಕಾದ ಮಾತು ಆಡಲಾಗಲಿಲ್ಲ. ಮಕ್ಕಳಿಗೆ ದಿನವಿಡೀ ಪಾಠ ಹೇಳುವವನು. ಹೊರಗೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಎಲ್ಲ ವಿವರಿಸಿದರು. ಹೊಸದಾಗಿ ಕೇಳಿದವನ ಹಾಗೆ ತಲೆಯಾಡಿಸಿದೆ. ಪೂರ್ತಿ ಹೊಸದಾಗಿರಲಿಲ್ಲ.

ಜನವರಿಯಲ್ಲಿ ನಾನು ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದೆ. ಅಲ್ಲಿನ ಡಾಕ್ಟರು, ನಿಮಗೆ ಯಾವ ಕೆಟ್ಟ ರೋಗವೂ ಇಲ್ಲ, ನಿಮ್ಮ ಹೆಂಡತಿಯನ್ನು ಕರೆದುಕೊಂಡು ಬನ್ನಿ, ಅವರ ಮೂತ್ರ ಪರೀಕ್ಷೆ ಆಗಬೇಕು ಎಂದರು. ಕರೆದುಕೊಂಡು ಹೋಗಲಿಲ್ಲ. ಹೋದರೆ ಅಮ್ಮನಿಗೆ ಕಾರಣ ಹೇಳಬೇಕಾಗಿತ್ತು. ನಿನ್ನನ್ನು ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿತ್ತು. ನಾಳೆ, ನಾಡಿದ್ದು ಎನ್ನುತ್ತಾ ಎರಡು ತಿಂಗಳು ಕಳೆದೆ. ಅಷ್ಟರಲ್ಲಿ ನೀನು ಹೊರಟುಹೋದೆ. ನಿಮ್ಮಣ್ಣನಿಗೆ ಆ ಕಾಗದ ಬರೆಯುವಾಗಲೂ ನಿನ್ನದು ಕೆಟ್ಟ ರೋಗವಲ್ಲವೆಂದು ನನಗೆ ಗೊತ್ತಿತ್ತು. ಇದನ್ನು ಯಾರೂ ಅರಿಯರು. ನಿನಗೆ ಹೇಳಿದ್ದೇನೆ.

ಅಮ್ಮ ಬದಲಾಗಿಲ್ಲ. ಆಗುತ್ತಾರೆಂದೂ ಹೇಳಲಾರೆ. ಅವರು ನನ್ನ ತಮ್ಮನ ಮನೆಯಲ್ಲಿರಲಿ. ಚಿಂತಾಮಣಿ ತಾಲ್ಲೂಕಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ವರ್ಗ ಆದರೆ ಬರುತ್ತೇನೆ. ನೀನು ಬೇಡವೆಂದರೆ ಬೇರೆ ಮನೆ ಮಾಡಿಕೊಂಡು ಇರುತ್ತೇನೆ, ನಿನ್ನ ಔಷಧಿಗೆ ಬೇಕಾದ್ದು ಮಾಡುತ್ತೇನೆ. ಬಾ ಎಂದು ಕರೆಯುವ ಹಕ್ಕು ನನಗಿಲ್ಲ.

ವೆಂಕಟರವಣಪ್ಪ


ಪೆರೇಸಂದ್ರ
1-2-1960

ಆದಿ,

ಹತ್ತು ತಿಂಗಳಲ್ಲಿ ನಿನಗೆ ನಾನು ಬರೆದ ಐದನೇ ಕಾಗದ ಇದು. ಉತ್ತರ ಬರಲಿಲ್ಲವೆಂದು ದೂರುತ್ತಿಲ್ಲ.

ತಂಗಿಯ ಮದುವೆ ಮಾರ್ಗಶಿರದಲ್ಲಿ ಆಯಿತು. ಅದೇ ಹುಡುಗನೇ. ನಿನ್ನ ಸುದ್ದಿ ತಿಳಿದೂ ಅವರು ಒಂದು ಮಾತು ಎತ್ತಲಿಲ್ಲ. ಯಾವುದಕ್ಕೆ ಹೆದರಿ ನಿನ್ನನ್ನು ದೂರ ಇಟ್ಟೆನೋ ಅದು ನಡೆಯುವುದೇ ಇರಲಿಲ್ಲ. ಧಾರೆ ಎರೆಯುವಾಗ ಎಲ್ಲರೂ ಅಕ್ಷತೆ ಹಾಕಿದರು. ನನ್ನ ಕೈ ಮೇಲೇಳಲಿಲ್ಲ. ನಮ್ಮಮ್ಮ ಬಂದವರಿಗೆ, ಅಕ್ಕನಿಗೆ ಸಂತೋಷಕ್ಕೆ ಅಳು ಬಂದಿದೆ ಎಂದರು.

ನಿಮ್ಮಣ್ಣ ಈಗ ನನ್ನ ಜೊತೆ ಮಾತಾಡುತ್ತಾರೆ, ಕೆಲಸದ ಮಾತು. ಅವರ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಅತ್ತೆ ಚಿಂತಾಮಣಿಯಿಂದ ಬಂದಾಗಲೆಲ್ಲ ನಿನ್ನ ವಿಷಯ ಹೇಳುತ್ತಾರೆ. ಯಾವುದಾದರೂ ಕಾಗದ ಬಂದರೆ ಮೊದಲಿನ ಹಾಗೇ ನನ್ನ ಕೈಗೇ ಕೊಡುತ್ತಾರೆ. ಓದಿ ಮುಗಿಸಿದ ಮೇಲೆ ನಾನೇ ಹಾಳೆಯನ್ನು ಅವರ ಕಡೆ ತಿರುಗಿಸಿ, ಇಲ್ಲಿಗೆ ಮುಗಿಯಿತು ಅತ್ತೆ, ಇದರ ಕೆಳಗೆ ಏನೂ ಇಲ್ಲ ಎಂದು ತೋರಿಸುತ್ತೇನೆ. ಅವರು ಆ ಕಡೆ ನೋಡುವುದಿಲ್ಲ.

ಒಂದು ಸಲ ಬಂದು ನಿನ್ನನ್ನು ನೋಡಲೇ? ಬೇಡ ಎಂದರೂ ಸರಿ, ಅಷ್ಟನ್ನು ಬರೆ.

ರಾಮಲಕ್ಷ್ಮಮ್ಮ


ಚಿಂತಾಮಣಿ
5-2-1960

ಅತ್ತಿಗೆ,

ಬೇಡ ಎಂದು ಬರೆಯಲು ಕೂತೆ, ಕಾಗದ ಬೇರೆ ಕಡೆ ಹೋಗುತ್ತಿದೆ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಎದ್ದು ಸೂಜಿಯನ್ನು ನೀರಿನಲ್ಲಿ ಕುದಿಸಿ ನಾನೇ ತೊಡೆಗೆ ಹಾಕಿಕೊಳ್ಳುತ್ತೇನೆ. ಮೊದಲ ಸಲ ಸೂಜಿ ಬಗ್ಗಿಹೋಗಿತ್ತು. ಈಗ ಮಾತಾಡುತ್ತಲೇ ಹಾಕಿಕೊಳ್ಳುತ್ತೇನೆ. ಆ ಕಾಟ ಈ ನಡುವೆ ಎರಡು ಸಲ ಮರಳಿ ಬಂತು. ಬಂದ ದಿನವೇ ಹೋಗಿ ಶ್ಯಾಮಲಕ್ಕನಿಗೆ ಹೇಳಿದೆ, ವಾರದಲ್ಲಿ ಹೋಯಿತು. ಆಸ್ಪತ್ರೆಗೆ ಹೆಂಗಸರು ಬಂದು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತರೆ ಅಕ್ಕ ನನ್ನನ್ನು ಕರೆಸುತ್ತಾರೆ. ಅವರಿಗೆ ಡಾಕ್ಟರಮ್ಮನ ಹತ್ತಿರ ಆಡಲಾಗದ ಮಾತನ್ನು ನಾನು ಮೊದಲು ಆಡುತ್ತೇನೆ. ಆಮೇಲೆ ಅವರೂ ಆಡುತ್ತಾರೆ.

ಇವರು ನವೆಂಬರಿನಲ್ಲಿ ಬಂದರು. ಮೂರು ವಾರ ಸ್ಕೂಲಿನ ಹತ್ತಿರ ಬೇರೆ ಕೋಣೆಯಲ್ಲಿದ್ದರು. ಆಮೇಲೆ, ಅಮ್ಮ ನನಗೆ ಆಸ್ಪತ್ರೆಯ ಹತ್ತಿರ ಮಾಡಿಕೊಟ್ಟಿದ್ದ ಮನೆಗೆ ನಾನೇ ಬನ್ನಿ ಎಂದೆ. ಒಂದೇ ಮನೆಯಲ್ಲಿದ್ದೇವೆ. ನಿಮಗಲ್ಲದೆ ಇನ್ನಾರಿಗೂ ಇದನ್ನು ಬರೆಯಲಾರೆ, ಯಾಕೆಂದರೆ ನನ್ನ ಒಳಗಿನದೆಲ್ಲ ನೀವು ಮೊದಲೇ ಓದಿದ್ದೀರಿ. ಇವರು ನನ್ನನ್ನು ತಾವಾಗಿ ಮುಟ್ಟುವುದಿಲ್ಲ. ಕಾಯುತ್ತಾರೆ. ನೋಯುವುದಾದರೆ ನೋಯುತ್ತದೆ ಎನ್ನುತ್ತೇನೆ, ಅಲ್ಲಿಗೇ ಬಿಡುತ್ತಾರೆ. ನೋಯದ ದಿನಗಳೂ ಇವೆ. ಆದರೆ ಯಾರು ಎಂದು ಅವತ್ತು ಕೇಳಿದ ಮಾತು ಒಮ್ಮೊಮ್ಮೆ ನಮ್ಮಿಬ್ಬರ ನಡುವೆ ಬಂದು ಮಲಗುತ್ತದೆ. ಅವರಿಗೂ ಅದು ಗೊತ್ತಾಗುತ್ತದೆ. ಎದ್ದು ನೀರು ಕುಡಿದು ಬರುತ್ತಾರೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೇವಿನ ನೀರಿನ ಉರಿ ನೆನಪಾದಾಗ ನಿಮ್ಮ ಮುಖವೇ ಕಾಣುತ್ತದೆ. ನಿಮ್ಮ ಅಕ್ಷರದಲ್ಲಿ ವಿಳಾಸವಿದ್ದ ಕಾಗದ ಬಂದರೆ ಒಡೆಯದೆ ಕಿಟಕಿಯ ಮೇಲಿಡುತ್ತಿದ್ದೆ. ಆಸ್ಪತ್ರೆಯಲ್ಲಿ ಓದಿದ್ದು ಬಿಟ್ಟರೆ ಮೊದಲನೆಯದನ್ನು ಒಡೆಯಲು ಒಂದು ತಿಂಗಳಾಯಿತು. ಎರಡನೆಯದಕ್ಕೆ ಹದಿನೈದು ದಿನ. ಇವರು ಬಂದ ಮೇಲೆ ದಿನಾ ಅದನ್ನು ನೋಡುತ್ತಿದ್ದರು, ಯಾವತ್ತೂ ಕೇಳಲಿಲ್ಲ.

ಸೋಮವಾರದ ಬಸ್ಸಿಗೆ ಬನ್ನಿ. ಇವರನ್ನು ಬಸ್‌ಸ್ಟ್ಯಾಂಡಿಗೆ ಕಳಿಸುತ್ತೇನೆ. ಬಂದಾಗ ನನ್ನ ಕಾಲು ಹಿಡಿಯುವುದು, ಅಳುವುದು ಬೇಡ, ನನ್ನ ಕೈಲಿ ತಡೆಯಲಾಗುವುದಿಲ್ಲ. ಬಂದು ಕೂತು ಊಟ ಮಾಡಿ. ಏನು ಮಾತಾಡಬೇಕೆಂದು ನನಗೂ ತಿಳಿಯದು.

ನಿಮ್ಮ ಈ ಸಲದ ಕಾಗದ ನಿನ್ನೆ ಮಧ್ಯಾಹ್ನ ಬಂತು. ನಿನ್ನೆ ಮಧ್ಯಾಹ್ನವೇ ಒಡೆದೆ.

ನಿಮ್ಮ ನಾದಿನಿ
ಆದಿಲಕ್ಷ್ಮಮ್ಮ